ದೊಡ್ಡಪ್ಪನ ಬಗ್ಗೆ ಬರೆಯುವುದಾದರೆ

ಮಸ್ಕತ್

ಪ್ರೀತಿಯ ತಮ್ಮನಿಗೆ,

ದೊಡ್ಡಪ್ಪನ ವರ್ಷದ ತಿಥಿಗೆ ಹಂಚಲು ನೀವು ಬರೆದ ಹಾಳೆ ಓದಿದೆ. ‘ದೇಶಸೇವಕರು, ಸರಳಜೀವಿ, ಪರೋಪಕಾರಿ’ ಅನ್ನೋದು ಮಂಡ್ಯದಲ್ಲಿ ಯಾರ ತಿಥಿಗೆ ಬೇಕಾದರೂ ಹೊಂದುತ್ತೆ. ಗುತ್ತಲು ರಸ್ತೆಯ ಅಂಗಡಿಗೆ ಸುಟ್ಟ ಮೋಟ್ರು ಹೊತ್ತು ತರುತ್ತಿದ್ದವರು ಅದನ್ನು ಓದಿ ‘ಕೆಲಸದ ವಿಷಯ ಎಲ್ಲಪ್ಪಾ?’ ಅಂತಾರೆ. ಅದನ್ನು ಸೇರಿಸಿ.

ಮೊದಲು ಸೇನೆ. ಅವರಿದ್ದದ್ದು ಇಎಂಇ, 1943ರ ಅಕ್ಟೋಬರ್ 15ರಂದು ಶುರುವಾದ ರಿಪೇರಿ ದಳ. ಅಲ್ಲಿ ಸೇರಿದಾಗಿನ ದರ್ಜೆ ಕ್ರಾಫ್ಟ್ಸ್‌ಮನ್. ‘ಸಿಪಾಯಿ’ ಅಂತ ಬರೆದಿದ್ದೀರಿ, ತಿದ್ದಿ. ತರಬೇತಿ ಸಿಕಂದರಾಬಾದಿನಲ್ಲಿ, ನಿವೃತ್ತಿ ಹವಾಲ್ದಾರರಾಗಿ. ಇಸವಿಗಳನ್ನು ಡಿಸ್ಚಾರ್ಜ್ ಬುಕ್ ನೋಡಿಯೇ ಹಾಕಿ, ಬಾಯಿಮಾತು ಬೇಡ.

ಇನ್ನು ವೈಂಡಿಂಗ್, ಅಂದರೆ ಸುಟ್ಟ ಮೋಟ್ರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವ ಕೆಲಸ. ಬೇರೆಯವರು ಮೋಟ್ರು ಬಂದ ತಕ್ಷಣ ಕಾಯಿಲ್ ಕಿತ್ತು ಬಿಸಾಕಿದರೆ, ದೊಡ್ಡಪ್ಪ ಕವರ್ ಬಿಚ್ಚಿ ಟಾರ್ಚ್ ಹಾಕಿ ನೋಡೋರು. ಐದು ಎಚ್‌ಪಿ ಡೆಲ್ಟಾ ಮೋಟ್ರಲ್ಲಿ (ಮೂರು ಫೇಸಿನ ಕಾಯಿಲ್ ತ್ರಿಕೋನದ ಹಾಗೆ ಜೋಡಿಸಿದ್ದು) ಒಂದೇ ಫೇಸಿನ ಕಾಯಿಲ್‌ಗಳು ಕರಕಲಾಗಿ ಉಳಿದೆರಡು ಚೆನ್ನಾಗಿದ್ದರೆ, ಲೈನಿನಲ್ಲಿ ಒಂದು ಫೇಸ್ ಹೋದಾಗ ಓಡಿಸಿದ್ದಾರೆ ಅಂತ ಅರ್ಥ. ಸ್ಟಾರ್ ಆದರೆ, ಅಂದರೆ ಮೂರರ ಒಂದೊಂದು ತುದಿಯನ್ನು ಒಂದೇ ಕಡೆ ಸೇರಿಸಿದ್ದರೆ, ತಿರುಗುಮುರುಗು: ಎರಡು ಸುಟ್ಟಿರುತ್ತೆ, ಒಂದು ಉಳಿದಿರುತ್ತೆ. ಮೂರೂ ಸಮನಾಗಿ ಕಪ್ಪಾಗಿದ್ದರೆ ಓವರ್‌ಲೋಡು, ಇಲ್ಲವೇ ಕಮ್ಮಿ ವೋಲ್ಟೇಜು. 415 ಇರಬೇಕಾದಲ್ಲಿ 300 ಬಂದರೆ ತಿರುಗಿಸುವ ಬಲ ಅರ್ಧಕ್ಕೆ ಇಳಿಯುತ್ತೆ. ಪಂಪು ಅದೇ ನೀರು ಎತ್ತಬೇಕು, ಕರೆಂಟ್ ಜಾಸ್ತಿ ಎಳೆದು ಕಾಯಿಲ್ ಕಾಯುತ್ತೆ. ಒಂದೇ ಜಾಗದಲ್ಲಿ ಸಣ್ಣ ಕರಿ ಚುಕ್ಕೆ ಇದ್ದರೆ ಸುತ್ತು-ಸುತ್ತು ಶಾರ್ಟ್, ಅಂದರೆ ಪಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ತಗುಲಿವೆ. ಕಾರಣ ಗೊತ್ತಾಗದೆ ಸುತ್ತಿಕೊಟ್ಟರೆ ಅದೇ ಮೋಟ್ರು ಅದೇ ಬೆಳೆಯಲ್ಲಿ ವಾಪಸ್ ಬರುತ್ತೆ. ‘ಸ್ಟಾರ್ಟರ್ ಟ್ರಿಪ್ ಆಗದ ಹಾಗೆ ಕಡ್ಡಿ ಸಿಕ್ಕಿಸಿದ್ದೀಯಾ?’ ಅಂತ ಅವರು ಕೇಳಿದರೆ ಎದುರಿಗಿದ್ದವರು ನೆಲ ನೋಡೋರು. ಅಷ್ಟು ಸಾಕಾಗಿತ್ತು: ಕಡ್ಡಿ ಸಿಕ್ಕಿಸಿದರೆ ಕರೆಂಟ್ ಮಿತಿಮೀರಿದರೂ ಮೋಟ್ರು ನಿಲ್ಲಲ್ಲ.

ಹಳೇ ಕಾಯಿಲ್ ಕೀಳುವ ಮುಂಚೆ ನೋಟ್‌ಬುಕ್ಕಿಗೆ ಎಲ್ಲಾ ಇಳಿಯಬೇಕು: ನೇಮ್‌ಪ್ಲೇಟು, ಸ್ಲಾಟು (ಕಾಯಿಲ್ ಕೂರುವ ಸೀಳು), ಒಂದು ಕಾಯಿಲ್‌ಗೆ ಸುತ್ತು, ಎನಾಮೆಲ್ ಸುಟ್ಟು ಒರೆಸಿ ಮೈಕ್ರೊಮೀಟರ್‌ನಲ್ಲಿ ಅಳೆದ ತಂತಿ ಗೇಜು, ಪಿಚ್ಚು, ಅಂದರೆ ಕಾಯಿಲ್ಲಿನ ಎರಡು ಬದಿ ಯಾವ ಯಾವ ಸ್ಲಾಟಿಗೆ ಅನ್ನೋದು. 36 ಸ್ಲಾಟಿನ 1440 ಸ್ಪೀಡ್ ಮೋಟ್ರಿಗೆ ಒಂದು ಗ್ರೂಪು 1-12, 2-11, 3-10. ಒಟ್ಟು 18 ಕಾಯಿಲ್, ಫೇಸಿಗೆ ಆರು. ಸುತ್ತು ಕಮ್ಮಿ ಹಾಕಿ ತಾಮ್ರ ಉಳಿಸುವವರಿದ್ದಾರೆ. ಅಂಥ ಮೋಟ್ರು ಲೋಡ್ ಇಲ್ಲದೇನೇ ಹೆಚ್ಚು ಕರೆಂಟ್ ತಗೊಂಡು ಬಿಸಿಯಾಗುತ್ತೆ. ಸುತ್ತು ಜಾಸ್ತಿಯಾದರೆ ಸಂಜೆಯ ಕಮ್ಮಿ ವೋಲ್ಟೇಜಿಗೆ ಎದ್ದೇಳೋದೇ ಇಲ್ಲ.

ಹಳೇ ಕಾಯಿಲ್ ಬಿಡಿಸಲು ಸೀಮೆಎಣ್ಣೆ ಸುರಿದು ಸ್ಟೇಟರ್ (ಮೋಟ್ರಿನ ತಿರುಗದ ಭಾಗ) ಸುಡುವುದನ್ನು ಅವರು ಅಂಗಡಿಯೊಳಗೆ ಬಿಡಲಿಲ್ಲ. ಅದರ ಕಬ್ಬಿಣದ ಕೋರಿನ ತಗಡುಗಳ ನಡುವಿನ ಲೇಪ ಉರಿದುಹೋದರೆ ತಗಡಿನಲ್ಲೇ ಕರೆಂಟ್ ಸುತ್ತಾಡಿ ಕೋರು ಕಾಯುತ್ತೆ, ಎಷ್ಟು ಒಳ್ಳೆ ತಂತಿ ಹಾಕಿದರೂ ದಂಡ. ಒಂದು ಕಡೆ ಉಳಿಯಿಂದ ಕತ್ತರಿಸಿ, ಹದವಾಗಿ ಬಿಸಿಮಾಡಿ, ಇನ್ನೊಂದು ಕಡೆಯಿಂದ ಎಳೆಯಬೇಕು. ಆಮೇಲೆ ಸ್ಲಾಟ್ ಪೇಪರ್, ಕಾಯಿಲ್, ಬಿದಿರಿನ ಬೆಣೆ, ಟೇಪು. ವಾರ್ನಿಷ್‌ಗೆ ಮುಂಚೆ ಬಿಸಿಮಾಡಿ ತೇವ ಓಡಿಸಬೇಕು. ಮುಳುಗಿಸಿದಾಗ ಗುಳ್ಳೆ ನಿಲ್ಲುವವರೆಗೂ ಎತ್ತಬಾರದು. ಮಳೆಗಾಲದಲ್ಲಿ ಅವಸರಪಟ್ಟವರ ಮೋಟ್ರಿನ ಮೈ ಮುಟ್ಟಿದರೆ ಶಾಕ್ ಹೊಡೆಯೋದು ಇದರಿಂದಲೇ. ಕೊನೆಗೆ ಕರೆಂಟ್ ಎಲ್ಲೂ ಸೋರುತ್ತಿಲ್ಲ ಅಂತ 500 ವೋಲ್ಟ್ ಮೆಗ್ಗರ್ ತಿರುಗಿಸಿ ನೋಡದೆ ಯಾವುದೂ ಬಾಗಿಲು ದಾಟುತ್ತಿರಲಿಲ್ಲ.

ನೀರಿನೊಳಗಿನ ಸಬ್‌ಮರ್ಸಿಬಲ್‌ಗೆ ಈ ವಾರ್ನಿಷ್ ಲೆಕ್ಕ ಇಲ್ಲ, ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯ ತಂತಿ. ಅದನ್ನೂ ಮಾಡೋರು, ಮನಸ್ಸಿಲ್ಲದೆ.

ಅಂಗಡಿ ಖಾಲಿ ಮಾಡುವಾಗ ಬೆಂಚು, ಕಾಯಿಲ್ ಸುತ್ತುವ ಮಿಷನ್ನು ಮಾರಿದರೆ ಮಾರಿ. ಮೆಗ್ಗರ್ ಅವರ ಕೈಕೆಳಗೆ ಕಲಿತ ಹುಡುಗನಿಗೆ ಹೋಗಲಿ. ನೋಟ್‌ಬುಕ್‌ಗಳು ಮಾತ್ರ ಗುಜರಿಗೆ ಬೇಡ: ಬಾಗಿಲು ಮುಚ್ಚಿದ ಕಂಪನಿಗಳ ಮೋಟ್ರಿನ ಲೆಕ್ಕವೂ ಅದರಲ್ಲಿದೆ. ಪಾಂಡವಪುರ, ಕೆರಗೋಡು ಕಡೆಯ ವೈಂಡಿಂಗ್‌ನವರು ಕೇಳಿದರೆ ಝೆರಾಕ್ಸ್ ಕೊಡಿ, ಮೂಲ ದೊಡ್ಡಮ್ಮನ ಹತ್ತಿರವೇ ಇರಲಿ.

ಇಂತಿ,
ನಿನ್ನ ಅಣ್ಣ