ಹೊಕ್ಕುಳಿನ ಲೈನ್ ಹಾಕಿದರಷ್ಟೇ ಸಾಲದು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್. ನನ್ನದು ಒಂದೇ ಬೇಡಿಕೆ. ಇಂಥ ಪ್ರತಿ ಸರ್ಕಾರಿ ಐಸಿಯುಗೂ ಮಗುವಿನ ಪಕ್ಕಕ್ಕೇ ತರುವಂಥ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಷಿನ್ ಕೊಡಿ. ನಮ್ಮ ಡಾಕ್ಟರುಗಳಿಗೆ ಅದರ ತರಬೇತಿ ಕೊಡಿಸಿ.

ತಿಂಗಳು ತುಂಬದೆ ಹುಟ್ಟಿದ ಮಗುವಿನ ಕೈಯಲ್ಲಿ ನರ ಸಿಗುವುದೇ ಕಷ್ಟ. ಆಗ ಹೊಕ್ಕುಳ ಬಳ್ಳಿಯ ರಕ್ತನಾಳದೊಳಗೆ ಒಂದು ಕೊಳವೆ ಇಳಿಸುತ್ತೇವೆ. ಇದನ್ನೇ ಹೊಕ್ಕುಳಿನ ಲೈನ್ ಅನ್ನುವುದು. ತೀರಾ ಸಣ್ಣ ಮಕ್ಕಳಿಗೆ ಹಾಕುವುದು ಸುಮಾರು 1.2 ಮಿ.ಮೀ. ದಪ್ಪದ್ದು. ಔಷಧಿ, ಗ್ಲೂಕೋಸ್ ಎಲ್ಲ ಅದರಲ್ಲೇ ಹೋಗುತ್ತವೆ. ಎಷ್ಟೋ ಮಕ್ಕಳು ಉಳಿದಿರುವುದು ಇದರಿಂದಲೇ.

ಆದರೆ ಕೊಳವೆಯ ತುದಿ ಲಿವರ್ ದಾಟಿ, ಹೃದಯದ ಬಾಗಿಲ ಹತ್ತಿರ ನಿಲ್ಲಬೇಕು. ಲಿವರ್‌ನಲ್ಲೇ ಉಳಿದರೆ ಒಳಗೆ ಬಿಡುವ ಗಾಢವಾದ ದ್ರವ ಅಲ್ಲೇ ಸೋರಿ ಗಾಯ ಮಾಡಬಹುದು. ರಕ್ತ ಹೆಪ್ಪುಗಟ್ಟಬಹುದು, ಅದರ ತೊಂದರೆ ಕೆಲವೊಮ್ಮೆ ವರ್ಷಗಳ ಮೇಲೆ ಕಾಣಿಸುತ್ತದೆ. ಹೃದಯದೊಳಗೆ ಹೋದರೆ ಬಡಿತ ಏರುಪೇರಾಗುತ್ತದೆ. ಅಪರೂಪಕ್ಕೆ ಹೃದಯದ ಸುತ್ತಲಿನ ಚೀಲದಲ್ಲಿ ದ್ರವ ತುಂಬಿಕೊಳ್ಳುತ್ತದೆ. ಚೆನ್ನಾಗಿಯೇ ಇದ್ದ ಮಗು ಇದ್ದಕ್ಕಿದ್ದಂತೆ ಬಿಳಚಿಕೊಂಡು ಬಿಪಿ ಇಳಿದುಬಿಡುತ್ತದೆ. ಆಗ ಸ್ಕ್ಯಾನ್ ಕೈಗೆಟುಕುವಂತಿದ್ದರೆ ಕಾರಣ ಕೂಡಲೇ ಕಾಣುತ್ತದೆ. ಸೂಜಿ ಹಾಕಿ ದ್ರವ ತೆಗೆದರೆ ಮಗು ಉಳಿಯಬಹುದು.

ಲೈನ್ ಹಾಕಿದ ಮೇಲೆ ಎಕ್ಸ್‌ರೇ ತೆಗೆಯುತ್ತಾರಲ್ವಾ ಎಂದು ನೀವು ಕೇಳಬಹುದು. ತೆಗೆಯುತ್ತೇವೆ. ಆದರೆ ಅದರಲ್ಲಿ ರಕ್ತನಾಳ ಕಾಣುವುದಿಲ್ಲ. ಮೂಳೆಗಳ ಲೆಕ್ಕದಲ್ಲಿ ತುದಿ ಎಲ್ಲಿದೆ ಎಂದು ಅಂದಾಜು ಮಾಡಬೇಕು. ಅದಕ್ಕಿಂತ ದೊಡ್ಡ ಮಾತೆಂದರೆ, ಇವತ್ತು ಸರಿ ಇದ್ದ ತುದಿ ನಾಳೆ ಸರಿದಿರಬಹುದು. ಬಳ್ಳಿಯ ಬುಡ ಒಣಗಿ ಕುಗ್ಗುತ್ತದೆ, ಹೊಟ್ಟೆ ಉಬ್ಬಿ ಇಳಿಯುತ್ತದೆ. ಪಾಳಿ ಬದಲಾದಾಗಲೆಲ್ಲ ನಾವು ಕೊಳವೆಯ ಮೇಲಿನ ಸೆಂಟಿಮೀಟರ್ ಗುರುತು ನೋಡಿ ಬರೆದಿಡುತ್ತೇವೆ. ಆ ಅಂಕಿ ಹಾಗೇ ಇದ್ದರೂ ಒಳಗಿನ ತುದಿ ಜಾಗ ಬಿಟ್ಟಿರಬಹುದು. ಸ್ಕ್ಯಾನ್‌ನಲ್ಲಿ ಅದು ನೇರವಾಗಿ ಕಾಣುತ್ತದೆ. ವಿಕಿರಣವಿಲ್ಲ, ಬೇಕಾದಾಗೆಲ್ಲ ನೋಡಬಹುದು.

ಇನ್ನು ಸೋಂಕು. ದಿನ ಕಳೆದಷ್ಟೂ ಅದರ ಭಯ ಜಾಸ್ತಿ. ಬಹಳ ಕಡೆ ಒಂದು ವಾರದೊಳಗೇ ಈ ಲೈನ್ ತೆಗೆಯುತ್ತಾರೆ, 14 ದಿನ ಮೀರಿಸುವಂತಿಲ್ಲ. ಬದಲಿಗೆ ಕೈ ಅಥವಾ ಕಾಲಿನಿಂದ ಹಾಕುವ ತೆಳ್ಳನೆಯ ಲೈನ್ ಸ್ಟಾಕ್‌ನಲ್ಲಿ ಇರಲೇಬೇಕು.

ಮಷಿನ್ ಖರೀದಿಸುವಾಗ ಒಂದು ವಿಷಯ ದಯವಿಟ್ಟು ಬರೆಸಿ: ನವಜಾತ ಶಿಶುಗಳಿಗೆ ಹೊಂದುವ ಸಣ್ಣ ಪ್ರೋಬ್ (ಮೈಮೇಲೆ ಇಟ್ಟು ನೋಡುವ ಭಾಗ) ಜೊತೆಗೇ ಬರಬೇಕು. ದೊಡ್ಡವರ ಪ್ರೋಬ್ ಮಾತ್ರ ಕಳಿಸಿದರೆ ಒಂದು ಕಿಲೋ ತೂಕದ ಮಗುವಿನ ಎದೆ ಮೇಲೆ ಅದನ್ನು ಸರಿಯಾಗಿ ಇಡಲೂ ಆಗುವುದಿಲ್ಲ.

ಇಂತಿ,
ಶಿಶು ಐಸಿಯುನ ಒಬ್ಬ ನರ್ಸ್