ದೊಡ್ಡ ಚಿತ್ರ ಕಾಯುತ್ತದೆ, ಚಿಕ್ಕದು ಕಾಯುವುದಿಲ್ಲ

ಮಾನ್ಯ ಸಂಪಾದಕರೇ,

ದಸರಾ ರಜೆ ಬಂತೆಂದರೆ ಬಾಕಿ ಉಳಿದ ಹೊಸ ಸಿನಿಮಾಗಳನ್ನೆಲ್ಲ ಒಟ್ಟಿಗೇ ನೋಡಿ ಮುಗಿಸುವ ಉಮೇದು ಮನೆಮನೆಯಲ್ಲೂ ಇರುತ್ತದೆ. ಎಲ್ಲರ ಬಾಯಲ್ಲಿರುವ ದೊಡ್ಡ ಚಿತ್ರ ಮೊದಲು, ಉಳಿದದ್ದು ‘ಆಮೇಲೆ ನೋಡೋಣ’. ಆ ‘ಆಮೇಲೆ’ ಬರುವಷ್ಟರಲ್ಲಿ ಕನ್ನಡದ ಚಿಕ್ಕ ಚಿತ್ರ ಎತ್ತಂಗಡಿಯಾಗಿರುತ್ತದೆ. ಶೋ ಹಂಚಿಕೆ ಹೇಗೆ ನಡೆಯುತ್ತದೆಂದು ತಿಳಿದವರು ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ.

ಥಿಯೇಟರಿನ ವಾರ ಶುಕ್ರವಾರ ಶುರುವಾಗಿ ಗುರುವಾರ ಮುಗಿಯುತ್ತದೆ. ಮುಂದಿನ ಶುಕ್ರವಾರಕ್ಕೆ ಯಾವ ಚಿತ್ರಕ್ಕೆ ಎಷ್ಟು ಶೋ ಎನ್ನುವುದನ್ನು ಹೆಚ್ಚಾಗಿ ಸೋಮವಾರ, ಮಂಗಳವಾರದ ಕಲೆಕ್ಷನ್ ನೋಡಿ ತೀರ್ಮಾನಿಸುತ್ತಾರೆ. ಶನಿವಾರ, ಭಾನುವಾರ ಎಂಥ ಚಿತ್ರಕ್ಕೂ ಒಂದಷ್ಟು ಜನ ಬಂದೇ ಬರುತ್ತಾರೆ, ಅದನ್ನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಸೋಮವಾರ ಕುಸಿದ ಚಿತ್ರವನ್ನು ಮಲ್ಟಿಪ್ಲೆಕ್ಸ್‌ನವರು ಒಮ್ಮೆಗೇ ತೆಗೆಯುವುದಿಲ್ಲ. ಮೊದಲು ಸಂಜೆಯ ಶೋ ಕಿತ್ತು ಬೆಳಿಗ್ಗೆ ಹತ್ತಕ್ಕೆ ತಳ್ಳುತ್ತಾರೆ. ಕೆಲಸದ ದಿನ ಬೆಳಿಗ್ಗೆ ಹತ್ತಕ್ಕೆ ಯಾರು ಹೋಗುತ್ತಾರೆ? ಜನ ಇಲ್ಲ ಎಂಬ ಕಾರಣ ಅಲ್ಲಿಗೆ ಸಿದ್ಧವಾಯಿತು. ಸಿಂಗಲ್ ಸ್ಕ್ರೀನ್‌ಗಳದು ಬೇರೆ ಲೆಕ್ಕ. ಅಲ್ಲಿ ಬಹಳ ಕಡೆ ವಾರದ ಬಾಡಿಗೆ ಪದ್ಧತಿ ಇದೆ. ಬಾಡಿಗೆ ಕಟ್ಟಬೇಕಾದವರು ನಿರ್ಮಾಪಕರು ಅಥವಾ ವಿತರಕರು. ಎರಡನೇ ವಾರದ ಬಾಡಿಗೆ ಹುಟ್ಟುವುದಿಲ್ಲ ಎನಿಸಿದರೆ ಅವರೇ ಚಿತ್ರವನ್ನು ಎತ್ತಿಬಿಡುತ್ತಾರೆ.

ಆದ್ದರಿಂದ ಚಿಕ್ಕ ಚಿತ್ರವನ್ನು ಅದರ ಮೊದಲ ಸೋಮವಾರ ಅಥವಾ ಮಂಗಳವಾರವೇ ನೋಡಿ. ಮಕ್ಕಳಿಗೆ ರಜೆಯಲ್ಲಿ ಸೋಮವಾರವೂ ಭಾನುವಾರವೇ. ಆ ದಿನ ಮಾರಾಟವಾದ ನಾಲ್ಕು ಟಿಕೆಟ್ ಶನಿವಾರದ ಹತ್ತು ಟಿಕೆಟ್‌ಗಿಂತ ಆ ಚಿತ್ರಕ್ಕೆ ಹೆಚ್ಚು ಆಯಸ್ಸು ಕೊಡುತ್ತದೆ. ದೊಡ್ಡ ಚಿತ್ರ ಎರಡನೇ ವಾರದಲ್ಲೂ ಇರುತ್ತದೆ, ಆಗ ಒಳ್ಳೆಯ ಸೀಟೂ ಸಿಗುತ್ತದೆ.

ಇನ್ನು ದುಡ್ಡು. ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕುವ ನಿಯಮವನ್ನು ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತಂದಿತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಜಿಎಸ್‌ಟಿ ಮಾತ್ರ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ: 100 ರೂಪಾಯಿವರೆಗಿನ ಟಿಕೆಟ್‌ಗೆ ಶೇ 5, ಅದನ್ನು ಮೀರಿದರೆ ಇಡೀ ಮೊತ್ತಕ್ಕೆ ಶೇ 18. ಅಂದರೆ 100 ರೂಪಾಯಿ ಟಿಕೆಟ್ 105ಕ್ಕೆ ಬಂದರೆ, 120 ರೂಪಾಯಿಯದು 141 ರೂಪಾಯಿ 60 ಪೈಸೆಗೆ ಹೋಗುತ್ತದೆ. ಊರಿನ ಸಿಂಗಲ್ ಸ್ಕ್ರೀನ್ ಬಾಲ್ಕನಿ ಈಗ ನಿಜಕ್ಕೂ ಅಗ್ಗ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ಸೇವಾ ಶುಲ್ಕವನ್ನು ಬುಕಿಂಗ್‌ಗೆ ಒಂದು ಎಂದಲ್ಲ, ಟಿಕೆಟ್‌ಗೆ ಇಷ್ಟು ಎಂದು ಹಾಕುತ್ತಾರೆ, ಅದರ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ಒಂದಕ್ಕೆ 25 ರೂಪಾಯಿ ಅಂದುಕೊಂಡರೂ ನಾಲ್ವರಿಗೆ 118 ರೂಪಾಯಿ. ವಾರದ ದಿನ ಕೌಂಟರ್‌ನಲ್ಲೇ ಕೊಂಡರೆ ಆ ದುಡ್ಡು ಪಾಪ್‌ಕಾರ್ನ್‌ಗಾದರೂ ಆದೀತು (ಪೂರ್ತಿ ಸಾಲುತ್ತದೆಂಬ ಭರವಸೆ ಬೇಡ).

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬಿಡುಗಡೆ ದಿನದ ಬೆಳಗಿನ ಜಾವದ ಶೋ ಬೇಡ. ಚಿತ್ರ ಹಾರ್ಡ್ ಡಿಸ್ಕ್‌ನಲ್ಲೋ ಉಪಗ್ರಹದ ಮೂಲಕವೋ ಮೊದಲೇ ಬಂದಿರುತ್ತದೆ. ಆದರೆ ಅದಕ್ಕೆ ಬೀಗ ಹಾಕಿರುತ್ತಾರೆ, ತೆರೆಯುವ ಡಿಜಿಟಲ್ ಕೀ ಬೇರೆ ಬರಬೇಕು. ಆ ಕೀ ಒಂದು ನಿರ್ದಿಷ್ಟ ಸರ್ವರ್‌ಗೆ (ಆ ಸ್ಕ್ರೀನಿನ ಚಿತ್ರ ಓಡಿಸುವ ಕಂಪ್ಯೂಟರ್‌ಗೆ), ನಿರ್ದಿಷ್ಟ ದಿನ ಮತ್ತು ಗಂಟೆಗಳಿಗೆ ಮಾತ್ರ ಕೆಲಸ ಮಾಡುತ್ತದೆ. ಎರಡನೇ ಸ್ಕ್ರೀನ್‌ಗೆ ಬಂದ ಕೀ ಮೂರನೆಯದರಲ್ಲಿ ತೆರೆಯುವುದಿಲ್ಲ. ಚಿತ್ರದವರ ಬಾಕಿ ಹಣದ ಮಾತುಕತೆ ರಾತ್ರಿಯಿಡೀ ಎಳೆದರೆ ಕೀ ತಡವಾಗುತ್ತದೆ, ಪ್ರೇಕ್ಷಕರಿಗೆ ‘ಟೆಕ್ನಿಕಲ್ ಪ್ರಾಬ್ಲಂ’ ಎನ್ನುತ್ತಾರೆ.

ಸೀಟಿನಲ್ಲಿ ಕೂತ ಮೇಲೆ ಸೆನ್ಸಾರ್ ಸರ್ಟಿಫಿಕೇಟನ್ನು ಗಮನವಿಟ್ಟು ನೋಡಿ. ಪರದೆ ಸರಿಯಿದೆಯೇ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಕಣ್ಣಿನ ಡಾಕ್ಟರ ಅಕ್ಷರಪಟ್ಟಿ ಇದ್ದ ಹಾಗೆ. ಕೆಳಗಿನ ಸಣ್ಣ ಅಕ್ಷರಗಳು ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಅಂಚಿನ ಗೆರೆ ಒಂದು ಬದಿ ಕಾಣದಿದ್ದರೆ ಲೆನ್ಸ್ ಸೆಟ್ಟಿಂಗ್ ಅಥವಾ ಮಾಸ್ಕಿಂಗ್ (ಪರದೆಯ ಅಂಚು ಮುಚ್ಚುವ ಕಪ್ಪು ಬಟ್ಟೆ) ತಪ್ಪಿದೆ. ಬಿಳಿ ಹಿನ್ನೆಲೆ ಬೂದಿ ಬಣ್ಣಕ್ಕೆ ತಿರುಗಿದ್ದರೆ ಎರಡು ಕಾರಣ ಇರಬಹುದು: ಪ್ರೊಜೆಕ್ಟರಿನ ಜೆನಾನ್ ಲ್ಯಾಂಪ್ ತನ್ನ ಆಯಸ್ಸಿನ ಗಂಟೆಗಳನ್ನು ಮೀರಿ ಉರಿಯುತ್ತಿದೆ, ಇಲ್ಲವೇ ಹಿಂದಿನ 3ಡಿ ಶೋಗೆ ಲೆನ್ಸ್ ಮುಂದೆ ಇಟ್ಟ ಫಿಲ್ಟರ್ ತೆಗೆಯಲು ಮರೆತಿದ್ದಾರೆ. ಆ ಫಿಲ್ಟರ್ ಅರ್ಧಕ್ಕಿಂತ ಹೆಚ್ಚು ಬೆಳಕು ನುಂಗುತ್ತದೆ. 2ಡಿ ಚಿತ್ರಕ್ಕೆ ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬೆಳಕಿರಬೇಕೆಂಬುದು ಡಿಜಿಟಲ್ ಸಿನಿಮಾದ ಮಾನದಂಡ. ಅದು ಇಳಿದಾಗ ರಾತ್ರಿಯ ದೃಶ್ಯಗಳೆಲ್ಲ ಕೆಸರು. ‘ಛಾಯಾಗ್ರಹಣ ಕತ್ತಲೆ’ ಎಂದು ಬೈಸಿಕೊಳ್ಳುವ ಎಷ್ಟೋ ಚಿತ್ರಗಳ ತಪ್ಪು ಈ ಫಿಲ್ಟರಿನದು.

ಕಂಡ ಕೂಡಲೇ ಎದ್ದು ಹೋಗಿ ಬಾಗಿಲಲ್ಲಿರುವವರಿಗೆ ಹೇಳಿ, ಇಂಟರ್‌ವಲ್‌ವರೆಗೆ ಕಾಯಬೇಡಿ. ಮಲ್ಟಿಪ್ಲೆಕ್ಸ್‌ನ ಪ್ರೊಜೆಕ್ಷನ್ ರೂಮಿನಲ್ಲಿ ಬಹಳ ಸಲ ಯಾರೂ ಇರುವುದಿಲ್ಲ. ಹಲವು ಸ್ಕ್ರೀನ್‌ಗಳನ್ನು ಒಂದೇ ಕಂಪ್ಯೂಟರ್ ವೇಳಾಪಟ್ಟಿಯಂತೆ ಓಡಿಸುತ್ತಿರುತ್ತದೆ, ಪರದೆ ಹೇಗೆ ಕಾಣುತ್ತಿದೆ ಎಂಬುದು ಅದಕ್ಕೆ ತಿಳಿಯದು. ಸಂಗೀತ ಜೋರಾಗಿದ್ದು ಮಾತು ಮಾತ್ರ ಗೊಣಗಿದಂತೆ ಕೇಳಿದರೆ ಪರದೆಯ ಹಿಂದಿನ ನಡು ಸ್ಪೀಕರ್ ಕೈಕೊಟ್ಟಿರಬಹುದು ಎಂದು ನಿರ್ದಿಷ್ಟವಾಗಿ ಹೇಳಿ. ‘ಸೌಂಡ್ ಸರಿಯಿಲ್ಲ’ ಎಂದರೆ ವಾಲ್ಯೂಮ್ ಏರಿಸಿ ಸುಮ್ಮನಾಗುತ್ತಾರೆ.

ಅದೇ ಸರ್ಟಿಫಿಕೇಟಿನಲ್ಲಿ ಅವಧಿಯೂ ಇರುತ್ತದೆ, ಆದರೆ ಮನೆಗೆ ಮರಳುವ ಬಸ್ಸಿನ ಲೆಕ್ಕಕ್ಕೆ ಅದನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ಚಿತ್ರದ ಅವಧಿಗೆ ಜಾಹೀರಾತು, ಇಂಟರ್‌ವಲ್ ಸೇರಿ ಮುಕ್ಕಾಲು ಗಂಟೆ ಕೂಡಿಸಿದರೆ ಸಾಕು. ಯುಎ ಪ್ರಮಾಣಪತ್ರ ಈಗ 7+, 13+, 16+ ಎಂದು ಮೂರಾಗಿದೆ. ಅದು ತಂದೆತಾಯಿಗೆ ಸೂಚನೆ ಮಾತ್ರ. ‘ಎ’ ಚಿತ್ರಕ್ಕಾದರೆ 18 ತುಂಬದವರನ್ನು ಹೆತ್ತವರು ಜೊತೆಗಿದ್ದರೂ ಬಿಡುವಂತಿಲ್ಲ, ಟಿಕೆಟ್ ಕೊಂಡು ಬಾಗಿಲಲ್ಲಿ ಜಗಳವಾಡಿ ಫಲವಿಲ್ಲ. ಹೊರಗಿನ ತಿಂಡಿಯನ್ನು ಥಿಯೇಟರ್‌ನವರು ತಡೆಯಬಹುದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಶುದ್ಧ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು, ಹಸುಗೂಸಿನ ಆಹಾರ ಒಯ್ಯಲು ಬಿಡಬೇಕು ಎಂದೂ ಹೇಳಿದೆ.

ಥಿಯೇಟರ್ ಮಾಲೀಕರಲ್ಲಿ ಕೇಳುವುದು ಇಷ್ಟೇ: ರಜೆಯ ವಾರಗಳಲ್ಲಾದರೂ ಶುಕ್ರವಾರದ ಶೋ ಪಟ್ಟಿಯನ್ನು ಬುಧವಾರ ಸಂಜೆಯೇ ಕೌಂಟರ್ ಬಳಿ ಅಂಟಿಸಿ, ಗುರುವಾರಕ್ಕೆ ಕೊನೆಯಾಗುವ ಚಿತ್ರದ ಪೋಸ್ಟರ್ ಮೇಲೆ ‘ನಾಳೆ ಕಡೇ ದಿನ’ ಎಂದು ಬರೆಸಿ. ಮೊದಲೆಲ್ಲ ಊರಿನ ಗೋಡೆಗಳ ಮೇಲೆ ಆ ಚೀಟಿ ಅಂಟಿಸುತ್ತಿದ್ದರು, ಅದನ್ನು ನೋಡಿ ಓಡಿ ಬರುವವರೂ ಇದ್ದರು.

– ಒಬ್ಬ ಪ್ರೇಕ್ಷಕ, ಮೈಸೂರು