ಮೇಸ್ತ್ರಿಗೆ ಪೂರ್ತಿ ದುಡ್ಡು ಕೊಡುವ ಮುಂಚೆ

ಹಾಸನ

ಚಿ. ಪುಟ್ಟನಿಗೆ, ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮೂಡಿಗೆರೆ ಮನೆಯನ್ನು ಹೋಂಸ್ಟೇ ಮಾಡುತ್ತೀಯಂತೆ, ನಿಮ್ಮಮ್ಮ ಹೇಳಿದಳು. ಸಂತೋಷ. ಈಜುಕೊಳ ತೋಡಿಸುವ ಯೋಚನೆಯೂ ಇದೆಯಂತೆ. ಅದನ್ನು ಸ್ವಲ್ಪ ತಡೆ. ಕೊಳ, ಕ್ಯಾಂಪ್ ಫೈರ್ ಇಟ್ಟವರು ನಿನ್ನ ರಸ್ತೆಯಲ್ಲೇ ಎಷ್ಟಿದ್ದಾರೆ ಎಣಿಸು. ನೀನು ಬಾಡಿಗೆ 200 ರೂಪಾಯಿ ಇಳಿಸಿದರೆ ಪಕ್ಕದವನು 300 ಇಳಿಸುತ್ತಾನೆ.

ದೊಡ್ಡಪ್ಪನಿಗೆ ಸ್ಟ್ರೋಕ್ ಆದ ಮೇಲೆ ಒಮ್ಮೆ ನಾವೆಲ್ಲ ಬೆಟ್ಟದ ಕಡೆ ಹೋಗಿದ್ದೆವು, ನೆನಪಿದೆಯಾ? ಫೋನಿನಲ್ಲಿ ಹೋಂಸ್ಟೇಯವರು ‘ಎಲ್ಲಾ ಗ್ರೌಂಡ್ ಫ್ಲೋರೇ ಮೇಡಂ’ ಅಂದಿದ್ದರು. ಹೋಗಿ ನೋಡಿದರೆ ಜಗಲಿಗೇ ನಾಲ್ಕು ಮೆಟ್ಟಿಲು. ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ಬಚ್ಚಲಿನ ಬಾಗಿಲು ಎರಡಡಿ, ವೀಲ್‌ಚೇರ್ ನುಗ್ಗಲೇ ಇಲ್ಲ. ರಾತ್ರಿ ದೊಡ್ಡಪ್ಪ ಒಂದು ಲೋಟ ನೀರೂ ಕುಡಿಯಲಿಲ್ಲ. ಯಾಕೆ ಅಂತ ನನಗೆ ಹೊಳೆದದ್ದು ಬೆಳಿಗ್ಗೆ. ಎರಡು ದಿನಕ್ಕೆ ಹೋದವರು ಒಂದೇ ದಿನಕ್ಕೆ ವಾಪಸ್ ಹೊರಟೆವು. ಒಂದು ಬಚ್ಚಲ ಬಾಗಿಲಿಗೆ ಆ ಹೋಂಸ್ಟೇಯವರ ಮೂರು ರೂಮಿನ ಬಾಡಿಗೆ ಹೋಯಿತು ನೋಡು. ಮನೆಯಲ್ಲಿ ಮೆಟ್ಟಿಲು ಹತ್ತಲಾಗದವರು ಒಬ್ಬರಿದ್ದರೆ, ಎಲ್ಲಿ ಉಳಿಯಬೇಕು ಅನ್ನುವುದು ಅವರ ಕಾಲಿನ ಮೇಲೇ ತೀರ್ಮಾನ ಆಗುತ್ತದೆ.

ಆದ್ದರಿಂದ ಕೊಳದ ದುಡ್ಡಿನಲ್ಲಿ ಒಂದು ರೂಮನ್ನಾದರೂ ಸರಿಯಾಗಿ ಮಾಡು. ಮುಂಬಾಗಿಲಿನ ಹೊಸ್ತಿಲು ಇರಲಿ. ಶುಕ್ರವಾರ ಅರಿಶಿನ ಕುಂಕುಮ ಹಚ್ಚುವ ಜಾಗ, ಕೀಳಿಸಿದರೆ ನಿಮ್ಮಮ್ಮ ಸುಮ್ನಿರಲ್ಲ. ಕಾಫಿ ಒಣಗಿಸುವ ಕಣದ ಕಡೆಯ ಪಕ್ಕದ ಬಾಗಿಲಿಗೆ ಹೊಸ್ತಿಲು ಬೇಡ, ಅಲ್ಲಿಗೆ ರ‍್ಯಾಂಪ್ ಹಾಕಿಸು. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಮೇಸ್ತ್ರಿ ‘ಆರಡಿಗೆ ಮುಗಿಸ್ತೀನಿ’ ಅನ್ನುತ್ತಾನೆ. ಬಗ್ಗಬೇಡ. ಅದು ಬೈಕ್ ಹತ್ತಿಸುವುದಕ್ಕೆ ಸರಿ. ಬಚ್ಚಲಿನ ಬಾಗಿಲು ಮೂರಡಿ ಇರಲಿ, ಹೊರಗೆ ತೆರೆಯಲಿ. ಯಾರಾದರೂ ಒಳಗೆ ಬಿದ್ದರೆ, ಒಳಗೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಕಮೋಡ್ ಪಕ್ಕ ಗೋಡೆಗೆ ಗಟ್ಟಿಯಾದ ಹಿಡಿ. ಮಲೆನಾಡಿನ ಮಳೆಗೆ ಹೊಳೆಯುವ ಟೈಲ್ಸ್ ಹಾಕುವುದು ಶುದ್ಧ ದಡ್ಡತನ, ಒರಟು ಕಲ್ಲು ಹಾಕಿಸು. ಅಂಗಳಕ್ಕೆ ಜಲ್ಲಿ ಸುರಿಯಬೇಡ, ಚಕ್ರ ಹೂತುಹೋಗುತ್ತದೆ.

ತೋಟ ತೋರಿಸುವುದು ಹೇಗೆ ಅಂತೀಯಾ? ನಿಮ್ಮ ಕಣ ಸಿಮೆಂಟಿನದು, ಸಮತಟ್ಟು. ಡಿಸೆಂಬರ್‌ನಲ್ಲಿ ಅರೇಬಿಕಾ ಒಣಗುವಾಗ ಅಂಚಿಗೆ ಎರಡು ಕುರ್ಚಿ ಹಾಕು. ಆ ವಾಸನೆ, ಕಾಫಿ ಕೆದಕುವ ಸದ್ದು, ಕೈಗೊಂದು ಲೋಟ ಬೆಲ್ಲದ ಕಾಫಿ. ಮುಳ್ಳಯ್ಯನಗಿರಿ 1,930 ಮೀಟರ್, ಕೊನೆಗೆ ಮೆಟ್ಟಿಲೇ ಹತ್ತಬೇಕು. ಮಕ್ಕಳು ಹೋಗಿ ಬರಲಿ, ಅಜ್ಜಿ ಕಣದಲ್ಲಿ ಕೂತಿರಲಿ.

ಬೇಲೂರು ದೇವಸ್ಥಾನದ ಅಂಗಳದಲ್ಲಿ ಚಪ್ಪಲಿ ಇಲ್ಲದೆ ನಡೆಯಬೇಕು, ಮಧ್ಯಾಹ್ನ ಕಲ್ಲು ಕಾದಿರುತ್ತದೆ. ಬೆಳಿಗ್ಗೆಯೇ ಕಳಿಸು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಬೇಲೂರು, ಹಳೇಬೀಡು ನೋಡಬೇಕು ಅನ್ನುವ ವಯಸ್ಸಾದವರು ನನಗೇ ಎಷ್ಟೋ ಜನ ಸಿಕ್ಕಿದ್ದಾರೆ. ಶ್ರವಣಬೆಳಗೊಳದಲ್ಲಿ ಡೋಲಿ ಸಿಗುತ್ತದೆ, ಅದನ್ನೂ ಮೊದಲೇ ಹೇಳಿಡು. ರಿಟೈರ್ ಆದವರಿಗೆ ಶನಿವಾರವೇ ಆಗಬೇಕೆಂದಿಲ್ಲ ಅಲ್ವಾ? ಸೋಮವಾರದಿಂದ ಗುರುವಾರದವರೆಗೆ ಖಾಲಿ ಬೀಳುವ ರೂಮಿಗೆ ಇವರೇ ಗಿರಾಕಿಗಳು.

ಫೋಟೊ ಹಾಕುವಾಗ ಬಾಗಿಲಿಗೆ ಟೇಪ್ ಹಿಡಿದು ತೆಗೆ. ಒಂದು ಮೆಟ್ಟಿಲು ಉಳಿದಿದ್ದರೂ ‘ಒಂದು ಮೆಟ್ಟಿಲಿದೆ’ ಅಂತ ಬರೆ.

ಕೆಲಸ ಮುಗಿದ ದಿನ ಫೋನ್ ಮಾಡು. ದೊಡ್ಡಪ್ಪನ ವೀಲ್‌ಚೇರ್ ಇನ್ನೂ ಅಟ್ಟದ ಮೇಲಿದೆ, ಇಳಿಸಿಕೊಂಡು ಬರುತ್ತೇನೆ. ಎಲ್ಲಾ ಬಾಗಿಲಲ್ಲೂ ಒಮ್ಮೆ ತಳ್ಳಿ ನೋಡೋಣ. ಅಲ್ಲಿಯವರೆಗೆ ಮೇಸ್ತ್ರಿಗೆ ಕೊನೆಯ ಕಂತು ಕೊಡಬೇಡ.

ನಿನ್ನ ದೊಡ್ಡಮ್ಮ